ಕಪಾಲದ ಸಾಕ್ಷ್ಯ: ಒಂದು ವಿಮರ್ಶೆ

ಹರ್ಬರ್ಟ್ ರಿಸ್ಲೆಯವರ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥವು 1908ರಲ್ಲಿ ಪ್ರಕಟವಾಯಿತು. ಭಾರತೀಯರನ್ನು ಏಳು ದೇಹಮಾದರಿಗಳಾಗಿ ವಿಂಗಡಿಸಿದ ಈ ಗ್ರಂಥವು ಕೊಡವರನ್ನು ಮರಾಠಾ ಬ್ರಾಹ್ಮಣರೊಡನೆಯೂ ಕುಣಬಿಗಳೊಡನೆಯೂ ಸೇರಿಸಿ 'ಸಿಥೋ-ದ್ರಾವಿಡ'ರೆಂದು ಕರೆಯಿತು. ಅವರಲ್ಲಿ ಶಕರ ರಕ್ತವನ್ನು ಊಹಿಸಲು ತಲೆಯ ಅಗಲವೇ ಮುಖ್ಯ ಆಧಾರವಾಗಿತ್ತು. ಈ ವಿಂಗಡಣೆ ಇಂದು ಮಾನ್ಯವಲ್ಲ. ಆದರೆ ಅದರ ತಳಹದಿಯಾದ ಭಾವನೆ, ಎಂದರೆ ಎಲುಬು ಬದಲಾಗದ ದಾಖಲೆ, ತಲೆಯೊಂದೇ ಇಡೀ ದೇಹದ ವಂಶವನ್ನು ಸಾರಬಲ್ಲದು ಎಂಬುದು, ನಮ್ಮ ತರಗತಿಗಳಲ್ಲಿ ಇನ್ನೂ ಉಳಿದಿದೆ. ಅದನ್ನೇ ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಎಲುಬುಗಳೆಲ್ಲವೂ ಒಂದೇ ರೀತಿಯಲ್ಲಿ ಬೆಳೆಯುವುದಿಲ್ಲ. ಕೈಕಾಲುಗಳ ನೀಳವಾದ ಎಲುಬುಗಳು ಭ್ರೂಣದಲ್ಲಿ ಮೊದಲು ಮೃದ್ವಸ್ಥಿಯ ರೂಪ ತಾಳಿ ಅನಂತರ ಗಟ್ಟಿಯಾಗುತ್ತವೆ. ತಲೆಬುರುಡೆಯ ಮೇಲ್ಭಾಗದ ಎಲುಬುಗಳು ಆ ಹಂತವಿಲ್ಲದೆ ಪೊರೆಯಂಥ ಅಂಗಾಂಶದಲ್ಲಿ ನೇರವಾಗಿ ಮೂಡುತ್ತವೆ. ಎರಡೆಡೆಯಲ್ಲಿಯೂ ಜೀನುಗಳು ಅವೇ. ಅವುಗಳ ಚಟುವಟಿಕೆ ಮಾತ್ರ ಬೇರೆ. 'ರನ್‌ಎಕ್ಸ್-2' ಎಂಬ ಜೀನು ಇಲ್ಲದ ಇಲಿಗಳಲ್ಲಿ ಎಲುಬೇ ಗಟ್ಟಿಗೊಳ್ಳುವುದಿಲ್ಲವೆಂದು 1997ರಲ್ಲಿ ತಿಳಿದುಬಂದಿತು. ಆದರೆ ಮನುಷ್ಯರಲ್ಲಿ ಅದರ ಎರಡು ಪ್ರತಿಗಳ ಪೈಕಿ ಒಂದು ಕೆಟ್ಟಾಗ ಬುರುಡೆ ಮತ್ತು ಕೊರಳೆಲುಬುಗಳಿಗೆ ಆಗುವಷ್ಟು ಹಾನಿ ಕೈಕಾಲುಗಳಿಗೆ ಆಗುವುದಿಲ್ಲ. 1994ರಲ್ಲಿ ಗುರುತಿಸಲಾದ 'ಎಫ್‌ಜಿಎಫ್‌ಆರ್-3' ಜೀನಿನ ಮಾರ್ಪಾಡು ಇದಕ್ಕೆ ವಿರುದ್ಧವಾದ ನಿದರ್ಶನ: ಕೈಕಾಲುಗಳು ಗಿಡ್ಡವಾಗುತ್ತವೆ, ಬುರುಡೆಯ ಮೇಲ್ಭಾಗವು ಬೆಳೆಯುತ್ತಲೇ ಹೋಗುತ್ತದೆ. ಬಲಿತ ಇಲಿಗಳಲ್ಲಿಯೂ ಬುರುಡೆ ಮತ್ತು ಕೈಕಾಲಿನ ಎಲುಬುಗಳ ಜೀನ್ ಚಟುವಟಿಕೆಯು ಭಿನ್ನವಾಗಿಯೇ ಉಳಿಯುವುದೆಂದು 2009ರ ಅಧ್ಯಯನವೊಂದು ತೋರಿಸಿತು.

ತಲೆಯ ಆಕಾರದಲ್ಲಿ ಆನುವಂಶಿಕತೆಗೆ ಸ್ಥಾನವೇ ಇಲ್ಲವೆಂದು ಇದರಿಂದ ಸಿದ್ಧವಾಗದು. ಒಂದು ಅಂಗದ ಅಳತೆಯನ್ನು ಇಡೀ ದೇಹದ ಮುದ್ರೆಯೆಂದು ಎಣಿಸಲಾಗದೆಂಬುದಷ್ಟೇ ಸಿದ್ಧವಾಗುತ್ತದೆ. ವಲಸೆಗಾರರ ಮಕ್ಕಳು ಅಮೆರಿಕದಲ್ಲಿ ಹುಟ್ಟಿದಾಗ ತಲೆಯ ಆಕಾರ ಬದಲಾಗುವುದೆಂದು ಫ್ರಾಂಜ್ ಬೋವಾಸ್ 1911ರಲ್ಲಿಯೇ ವಾದಿಸಿದ್ದರು. ಆ ಬದಲಾವಣೆ ಎಷ್ಟು ದೊಡ್ಡದೆಂಬ ಬಗ್ಗೆ 2002-03ರಲ್ಲಿ ವಿದ್ವಾಂಸರು ಮತ್ತೆ ಚರ್ಚಿಸಿದರು.

ಜೀನುಗಳ ವಿಚಾರವನ್ನು ರಿಸ್ಲೆಯವರು ಅರಿಯಲಿಲ್ಲವೆಂದು ದೂರುವುದು ನ್ಯಾಯವಲ್ಲ. ಶಾಸನದ ಬಲವಿಲ್ಲದ ವಲಸೆಯ ಕಥೆಯೊಂದನ್ನು ಅಳತೆಪಟ್ಟಿಯ ಮೇಲೆ ಕಟ್ಟಿದುದೇ ಅವರ ದೋಷ. ಶಾಸನವನ್ನು ಓದುವ ಮೊದಲು ಅದನ್ನು ಬರೆಸಿದವರಾರು, ಯಾವ ಸಂದರ್ಭದಲ್ಲಿ ಎಂದು ನಾವು ಕೇಳುತ್ತೇವೆ. ಎಲುಬನ್ನು ಸಾಕ್ಷಿಗೆ ಕರೆಯುವ ಮೊದಲು ಅದು ಹೇಗೆ ಬೆಳೆಯಿತೆಂದು ಕೇಳುವುದೂ ಇತಿಹಾಸಕಾರನ ಕರ್ತವ್ಯವೇ ಆಗಿದೆ.