ಗೆಲಿಲಿಯೊನ ನಾಲ್ಕನೆಯ ದಿನ

ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಒಂದು ಲೆಕ್ಕವಿದೆ. 45 ಡಿಗ್ರಿಗಿಂತ ಎಷ್ಟು ಹೆಚ್ಚೋ ಅಷ್ಟೇ ಕಡಿಮೆ ಕೋನದಲ್ಲಿ ಎಸೆದರೂ ವಸ್ತು ಅಷ್ಟೇ ದೂರ ಹೋಗಿ ಬೀಳುತ್ತದೆ ಎಂದು ಗೆಲಿಲಿಯೊ ಹೇಳಿದ್ದಾನೆ, ಸಾಧಿಸಿ. ವಿದ್ಯಾರ್ಥಿ ಸೂತ್ರ ಬರೆದು ನಾಲ್ಕು ಸಾಲಿನಲ್ಲಿ ಮುಗಿಸುತ್ತಾನೆ. ಆ ಮಾತು ಬಂದ ಪುಸ್ತಕವನ್ನು ತೆರೆದು ನೋಡುವವರು ಕಡಿಮೆ. ನೋಡಿದರೆ, ನಮ್ಮ ಪಠ್ಯ ಅದರಿಂದ ಉತ್ತರವನ್ನು ಎತ್ತಿಕೊಂಡು ಜಗಳವನ್ನು ಬಿಟ್ಟುಬಿಟ್ಟಿದೆ ಎಂಬುದು ತಿಳಿಯುತ್ತದೆ.

ಆ ಪುಸ್ತಕ, 'ಎರಡು ಹೊಸ ವಿಜ್ಞಾನಗಳು', 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. 1633ರ ವಿಚಾರಣೆಯ ನಂತರ ಗೆಲಿಲಿಯೊ ಗೃಹಬಂಧನದಲ್ಲಿದ್ದ. ಪುಸ್ತಕದಲ್ಲಿ ಸಾಲ್ವಿಯಾತಿ, ಸಗ್ರೇದೊ, ಸಿಂಪ್ಲಿಚಿಯೊ ಎಂಬ ಮೂವರು ನಾಲ್ಕು ದಿನ ಕೂತು ಮಾತಾಡುತ್ತಾರೆ. ನಾಲ್ಕನೆಯ ದಿನದ ವಿಷಯವೇ ಉತ್ಕ್ಷೇಪಕ ಚಲನೆ.

45 ಡಿಗ್ರಿಗೆ ಗುಂಡು ಅತಿ ದೂರ ಹೋಗುತ್ತದೆ ಎಂಬುದು ಫಿರಂಗಿಯವರಿಗೆ ಮೊದಲೇ ಗೊತ್ತಿತ್ತು; 1537ರಲ್ಲಿ ಇಟಲಿಯ ಗಣಿತಜ್ಞ ತಾರ್ತಾಲಿಯಾ ಅದನ್ನು ಬರೆದೂ ಇದ್ದ. ಗೊತ್ತಿಲ್ಲದಿದ್ದದ್ದು ಕಾರಣ. ಗೆಲಿಲಿಯೊ ಒಂದೇ ಚಲನೆಯನ್ನು ಎರಡಾಗಿ ಬಿಡಿಸಿದ. ಅಡ್ಡಕ್ಕೆ ಒಂದೇ ವೇಗ. ಕೆಳಕ್ಕೆ ಕ್ಷಣಕ್ಷಣಕ್ಕೂ ಏರುವ ವೇಗ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಎರಡನ್ನೂ ಕೂಡಿಸಿದರೆ ಹಾದಿ ಪರವಲಯವಾಗುತ್ತದೆ. ಇಷ್ಟು ಸರಳವಾಗಿ ಹೇಳಬಹುದಾದದ್ದು ಅಷ್ಟು ಶತಮಾನ ಯಾರಿಗೂ ಹೊಳೆದಿರಲಿಲ್ಲ.

ಆದರೆ ಈ ಭಾಗದ ಅತ್ಯುತ್ತಮ ಪುಟಗಳು ಪ್ರಮೇಯಗಳಲ್ಲ, ಆಕ್ಷೇಪಗಳು. ವಸ್ತುಗಳು ಭೂಮಿಯ ಕೇಂದ್ರದತ್ತ ಬೀಳುತ್ತವೆ, ಪರವಲಯವೋ ತನ್ನ ಅಕ್ಷದಿಂದ ದೂರ ಸರಿಯುತ್ತ ಹೋಗುತ್ತದೆ, ಎರಡೂ ಹೇಗೆ ಹೊಂದುತ್ತವೆ? ಗಾಳಿಯ ಅಡ್ಡಿಯನ್ನು ಏನು ಮಾಡುತ್ತೀರಿ? ಸಾಲ್ವಿಯಾತಿ ಜಾರಿಕೊಳ್ಳುವುದಿಲ್ಲ, ಎಲ್ಲವನ್ನೂ ಒಪ್ಪುತ್ತಾನೆ. ದೊಡ್ಡ ಫಿರಂಗಿಯ ಗುಂಡೂ ನಾಲ್ಕು ಮೈಲಿ ದಾಟುವುದಿಲ್ಲ, ಭೂಕೇಂದ್ರ ಸಾವಿರಾರು ಮೈಲಿ ಆಚೆಗಿದೆ, ಹಾಗಾಗಿ ಮೊದಲ ತಪ್ಪು ಲೆಕ್ಕಕ್ಕಿಲ್ಲ ಎನ್ನುತ್ತಾನೆ. ಯಾವುದನ್ನು ಬಿಡಬಹುದು, ಏಕೆ ಬಿಡಬಹುದು ಎಂಬ ಈ ತೂಗುವಿಕೆಯೇ ಭೌತವಿಜ್ಞಾನದ ಕಸುಬು. ನಮ್ಮ ಪ್ರಶ್ನೆಪತ್ರಿಕೆ ಅದನ್ನು 'ಗಾಳಿಯ ಪ್ರತಿರೋಧವನ್ನು ನಿರ್ಲಕ್ಷಿಸಿ' ಎಂಬ ಒಂದು ಅಪ್ಪಣೆಗೆ ಇಳಿಸಿದೆ.

ಪುಸ್ತಕದಲ್ಲೂ ಕೊರತೆಗಳಿವೆ. ಅದು ಪರವಲಯವನ್ನು ರೇಖಾಗಣಿತದಿಂದಲೇ ಇಳಿದು ಬಂದಂತೆ ತೋರಿಸುತ್ತದೆ. ಗೆಲಿಲಿಯೊ ಸುಮಾರು 1608ರಲ್ಲೇ ಇಳಿಜಾರಿನಲ್ಲಿ ಗುಂಡು ಉರುಳಿಸಿ, ಮೇಜಿನಂಚಿನಿಂದ ಅಡ್ಡಕ್ಕೆ ಹಾರಿಸಿ ಅಳೆದಿದ್ದ. ಆ ಅಳತೆಗಳಿರುವ ಅವನ ಹಸ್ತಪ್ರತಿಯ 116ನೇ ಹಾಳೆಯನ್ನು ವಿಜ್ಞಾನದ ಇತಿಹಾಸಕಾರ ಸ್ಟಿಲ್‌ಮನ್ ಡ್ರೇಕ್ 1973ರಲ್ಲಿ ಬೆಳಕಿಗೆ ತಂದರು. ಸಾವಿರ ಪುಂತೊ ಎತ್ತರದಿಂದ ಬಿಟ್ಟ ಗುಂಡು 1460 ಪುಂತೊ ದೂರ ಬೀಳಬೇಕಿತ್ತು, 1500ಕ್ಕೆ ಬಿತ್ತು. ವ್ಯತ್ಯಾಸ 40 ಎಂದು ಗೆಲಿಲಿಯೊ ಪಕ್ಕದಲ್ಲೇ ಬರೆದಿದ್ದಾನೆ. ಒಂದು ಪುಂತೊ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಈ ಅಂಕಿಗಳು ಪುಸ್ತಕಕ್ಕೆ ಬರಲೇ ಇಲ್ಲ.

ಇನ್ನೊಂದು ಕೊರತೆ ಕೋಷ್ಟಕಗಳದ್ದು. 45 ಡಿಗ್ರಿಯ ದೂರವನ್ನು 10,000 ಎಂದಿಟ್ಟುಕೊಂಡು ಉಳಿದ ಕೋನಗಳಿಗೆ ಬೆಲೆ ಕಟ್ಟಿದ ಅಚ್ಚುಕಟ್ಟಾದ ಪಟ್ಟಿಗಳವು. ಕೋವಿಯ ಗುಂಡಿನ ವಿಪರೀತ ವೇಗದಲ್ಲಿ ಹಾದಿ ಪರವಲಯದಿಂದ ತಪ್ಪುತ್ತದೆ ಎಂದು ಗೆಲಿಲಿಯೊನೇ ಎಚ್ಚರಿಸಿದ್ದ. ಎಷ್ಟು ತಪ್ಪುತ್ತದೆಂದು ಅಳೆಯುವ ದಾರಿ ಅವನಲ್ಲಿರಲಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ತೂಗುಲೋಲಕಕ್ಕೆ ಗುಂಡು ಹೊಡೆದು ವೇಗ ಅಳೆದು, ಅದನ್ನು 1742ರಲ್ಲಿ ಪ್ರಕಟಿಸಿದ. ಸೆಕೆಂಡಿಗೆ 1700 ಅಡಿ ಓಡುವ ಕೋವಿಗುಂಡು ಪರವಲಯದ ಲೆಕ್ಕದಲ್ಲಿ 17 ಮೈಲಿ ಹೋಗಬೇಕು. ನಿಜದಲ್ಲಿ ಅರ್ಧ ಮೈಲಿಯೂ ಮುಟ್ಟುವುದಿಲ್ಲ.

ಇಷ್ಟಾದರೂ ನಾಲ್ಕನೆಯ ದಿನದ ತೂಕ ಕುಗ್ಗದು. ಮೇಜಿನಿಂದ ಜಾರುವ ಗುಂಡಿಗೆ, ಮೆಲ್ಲಗೆ ಎಸೆದ ಕಲ್ಲಿಗೆ ಅದರ ಲೆಕ್ಕ ಇಂದಿಗೂ ಸಾಕು. ಬದಲಾಗಬೇಕಾದದ್ದು ಕಲಿಸುವ ಕ್ರಮ. ಒಂದು ಇಳಿಜಾರು ಹಲಗೆ, ಉಕ್ಕಿನ ಗುಂಡು, ನೆಲಕ್ಕೆ ಹಾಸಲು ಕಾರ್ಬನ್ ಪೇಪರ್ ಇದ್ದರೆ 116ನೇ ಹಾಳೆಯ ಪ್ರಯೋಗವನ್ನು ಯಾವ ಕಾಲೇಜಿನಲ್ಲಾದರೂ ಮಾಡಬಹುದು. ಲೆಕ್ಕಕ್ಕೂ ಅಳತೆಗೂ ನಡುವೆ ಉಳಿಯುವ ವ್ಯತ್ಯಾಸಕ್ಕೆ ಕಾರಣ ಬರೆದವರಿಗೆ ಸೂತ್ರ ಬರೆದವರಿಗಿಂತ ಎರಡು ಅಂಕ ಹೆಚ್ಚು ಕೊಡಬಹುದು.