ಒಂದು ವಾದ್ಯ, ಹನ್ನೆರಡು ಮಕ್ಕಳು

ಮೊನ್ನೆ ಸಂಜೆ ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯಲ್ಲಿ, ಗೋಡೆಗೊರಗಿ ನಿಂತ ಹಳೆಯ ಪಿಯಾನೋದ ಮುಂಬಲಗೆಯನ್ನು ಕಳಚಿ, ಏಳು ವರ್ಷದ ಅವರ ಮೊಮ್ಮಗಳಿಗೆ ಅದರ ಅಂತರಂಗವನ್ನು ತೋರಿಸುವ ಸುಯೋಗ ನನಗೊದಗಿತು. ಬಾಲೆ ಒಂದು ಬಿಳಿಯ ಕೀಲಿಯನ್ನೊತ್ತಿದಳು. ಉಣ್ಣೆಯ ಮೆತ್ತೆ ಹೊದ್ದ ಪುಟ್ಟ ಸುತ್ತಿಗೆಯೊಂದು ಚಿಮ್ಮಿ ತಂತಿಯನ್ನು ತಾಕಿ, ಆಕೆ ಬೆರಳೆತ್ತುವ ಮುನ್ನವೇ ಹಿಂದಕ್ಕೆ ಸರಿಯಿತು.

“ನಾನು ಬಿಡೋಕ್ ಮುಂಚೇನೇ ಯಾಕ್ ತಾತ ಅದು ವಾಪಸ್ ಹೋಯ್ತು?”

ತಂತಿ ಹಾಡಬೇಕಾದರೆ ಅದನ್ನು ಮುಟ್ಟಿದವನು ಕೂಡಲೇ ದೂರ ಸರಿಯಬೇಕಮ್ಮ ಎಂದೆ. ಫ್ಲಾರೆನ್ಸ್ ನಗರದ ಬಾರ್ತೊಲೊಮೇಯೊ ಕ್ರಿಸ್ಟೋಫೊರಿಯೆಂಬ ವಾದ್ಯಶಿಲ್ಪಿ 1700ರ ಸುಮಾರಿಗೆ ಸಾಧಿಸಿದ್ದು ಈ ಸೂಕ್ಷ್ಮವನ್ನೇ. ತಂತಿಯನ್ನು ಮೀಟುತ್ತಿದ್ದ ಹಾರ್ಪ್ಸಿಕಾರ್ಡಿನಲ್ಲಿ ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದವನ್ನು ತಗ್ಗಿಸಿ ಹಿಗ್ಗಿಸುವುದು ಸಾಧ್ಯವಿರಲಿಲ್ಲ. ಅದನ್ನು ಸಾಧ್ಯವಾಗಿಸಿದ ವಾದ್ಯಕ್ಕೆ ಮೃದು, ಪ್ರಬಲ ಎಂಬ ಅರ್ಥದ ಎರಡು ಪದಗಳೇ ಕೂಡಿ ಹೆಸರಾದವು.

ಪಿಟೀಲು ಹಿಡಿದ ಮಗು ಶುದ್ಧವಾದ ಒಂದು ಸ್ವರಕ್ಕಾಗಿ ತಿಂಗಳುಗಟ್ಟಲೆ ತಪಸ್ಸು ಮಾಡಬೇಕು. ಪಿಯಾನೋ ಮೊದಲ ಸ್ಪರ್ಶಕ್ಕೇ ಒಲಿಯುತ್ತದೆ. ವೀಣೆಯ ತಂತಿಯನ್ನೆಳೆದು ಹೊಮ್ಮಿಸುವ ಗಮಕ ಇಲ್ಲಿಲ್ಲವೆಂಬ ಕೊರತೆಯನ್ನು, ನಮ್ಮ ಸಂಗೀತದಲ್ಲಿ ಬೆಳೆದ ನನ್ನ ಕಿವಿ ಅಲ್ಲಗಳೆಯಲಾರದು. ಆದರೆ ಈ ವಾದ್ಯ ಕಲಿಸುವ ವಿದ್ಯೆಯೇ ಬೇರೆ. ಹಂಗೆರಿಯ ಬೇಲಾ ಬಾರ್ಟೋಕ್ 1926ರಿಂದ 1939ರವರೆಗೆ ರಚಿಸಿ, ಮೊದಲೆರಡು ಸಂಪುಟಗಳನ್ನು ತನ್ನ ಮಗ ಪೀಟರನಿಗೆ ಅರ್ಪಿಸಿದ ‘ಮೈಕ್ರೋಕಾಸ್ಮೋಸ್’ನ 153 ಕೃತಿಗಳನ್ನು ಕ್ರಮವಾಗಿ ನುಡಿಸುತ್ತ ಹೋದರೆ ಆ ವಿದ್ಯೆಯ ಸೋಪಾನ ಕಾಣುತ್ತದೆ: ಆರಂಭದಲ್ಲಿ ಎರಡೂ ಕೈಗಳಿಗೆ ಒಂದೇ ರಾಗರೇಖೆ, ಬಳಿಕ ಒಂದು ಕೈಯ ಮಾತನ್ನು ಇನ್ನೊಂದು ತುಸು ತಡೆದು ಅನುಕರಿಸುತ್ತದೆ, ಕ್ರಮೇಣ ಎರಡೂ ತಂತಮ್ಮ ದಾರಿ ಹಿಡಿದು, ಆದರೂ ಒಂದನ್ನೊಂದು ಅಗಲದೆ ನಡೆಯುತ್ತವೆ. ತಾನು ನುಡಿಯುತ್ತಿರುವಾಗಲೇ ಇನ್ನೊಂದು ದನಿಗೂ ಕಿವಿಗೊಡುವ ಈ ಸಂಸ್ಕಾರ ಲಭಿಸುವುದಾದರೆ, ಪಿಯಾನೋ ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುವುದೆಂಬ ಆಮಿಷವನ್ನು ತಾಯ್ತಂದೆಯರ ಮುಂದೊಡ್ಡುವ ಅವಶ್ಯಕತೆ ನನಗೆ ತೋರುವುದಿಲ್ಲ.

ಈ ವಿದ್ಯೆ ನಮ್ಮದನ್ನು ಕೆಡಿಸೀತೆಂದು ಅಂಜುವವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರನ್ನು ನೆನೆಯಬೇಕು. ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಅಭ್ಯಸಿಸಿ, ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯವಿತ್ತು, ಆತನ ಮೂರನೆಯ ಪಿಯಾನೋ ಕಾನ್ಚೆರ್ಟೊದ ಅರ್ಪಣೆಗೆ ಪಾತ್ರರಾದ ಆ ಪ್ರಭುಗಳೇ, ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನೂ ರಚಿಸಿದರು.

ಆದರೆ ಅದು ಅರಮನೆಯ ಪಿಯಾನೋ. ಇನ್ನೂರಕ್ಕೂ ಮಿಕ್ಕ ತಂತಿಗಳ ಬಿಗಿತವನ್ನು ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಹೊತ್ತ ಈ ಭಾರೀ ವಾದ್ಯವನ್ನು ಕೊಳ್ಳುವುದಿರಲಿ, ಮಳೆಗಾಲದ ತೇವಕ್ಕೆ ಉಬ್ಬುವ ಅದರ ಮರವನ್ನೂ ಏರುಪೇರಾಗುವ ಶ್ರುತಿಯನ್ನೂ ಸರಿಪಡಿಸಿಕೊಂಡಿರುವುದೇ ಸಾಮಾನ್ಯ ಸಂಸಾರಕ್ಕೆ ದುಸ್ಸಾಧ್ಯ. ಬಡಮಕ್ಕಳಿಗೆ ಉಚಿತ ಪಾಠ ಹೇಳುವ ಉದಾರಿಗಳು ಇಲ್ಲದಿಲ್ಲ. ಆದರೆ ವಾರಕ್ಕೊಮ್ಮೆ ಪಾಠ ಹೇಳಿಸಿಕೊಂಡ ಮಗು ಉಳಿದ ಆರು ದಿನ ಸಾಧಕ ಮಾಡುವುದೆಲ್ಲಿ? ಊಟದ ಮೇಜಿನ ಅಂಚಿನ ಮೇಲೆಯೆ? ಕೊರತೆಯಿರುವುದು ಗುರುವಿಗಿಂತ ಹೆಚ್ಚಾಗಿ ಕೀಲಿಮಣೆಗೆ.

ಹಿಂದೆ ಮನೆಗೊಂದು ಗರಡಿಯನ್ನು ಯಾರೂ ಕಟ್ಟಿಸಲಿಲ್ಲ; ಕೇರಿಗೊಂದಿತ್ತು, ಬೆಳಿಗ್ಗೆ ಬಾಗಿಲು ತೆರೆಯುತ್ತಿತ್ತು, ಮೈಮುರಿಯಲು ಮನಸ್ಸಿದ್ದವನು ಮಟ್ಟಿಗಿಳಿಯುತ್ತಿದ್ದ. ಬಡಾವಣೆಯ ಶಾಲೆಯಲ್ಲೋ ವಾಚನಾಲಯದಲ್ಲೋ ಒಂದು ಪಿಯಾನೋವನ್ನು, ಅದಾಗದಿದ್ದರೆ ಭಾರದ ಕೀಲಿಗಳುಳ್ಳ ವಿದ್ಯುನ್ಮಾನ ವಾದ್ಯವನ್ನಾದರೂ ಇರಿಸಿ, ಬೆಳಿಗ್ಗೆ 2 ಗಂಟೆ ಕಾಲ, ಸಂಜೆ 4 ಗಂಟೆ ಕಾಲ ತೆರೆದಿಟ್ಟರೆ, ದಿನಕ್ಕೆ ಅರ್ಧ ಗಂಟೆಯಂತೆ 12 ಮಕ್ಕಳ ಸಾಧಕ ಸಾಗುತ್ತದೆ.

ಹೊರಡುವ ಹೊತ್ತಿಗೆ ಬಾಲೆ ಎರಡು ಕೈಗಳಿಂದ ಪುಟ್ಟದೊಂದು ಪಾಠವನ್ನು ನುಡಿಸಿದಳು. ಎಡಗೈ ಹಿಂದುಳಿಯಿತು, ಬಲಗೈ ಅದಕ್ಕಾಗಿ ಕಾಯಿತು. ಅರ್ಧ ಗಂಟೆ ಮುಗಿದೊಡನೆ ಸ್ನೇಹಿತರು ಮುಚ್ಚಳವಿಳಿಸಿ, ಕಸೂತಿಯ ಹೊದಿಕೆ ಹಾಸಿ, ಅದರ ಮೇಲೆ ಹೂದಾನಿಯನ್ನಿಟ್ಟರು. ಮರುದಿನ ಸಂಜೆಯವರೆಗೆ ಅದನ್ನು ತೆಗೆಯುವ ಕಾರಣ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.