ಲೈ ಕೋನ: ಹವ್ಯಾಸಿಗಳು ಕಡೆಗಣಿಸುವ ಅಳತೆ

ಗಾಲ್ಫ್‌ನಲ್ಲಿ ಮೊದಲು ಸ್ವಿಂಗ್, ಎಂದರೆ ಕ್ಲಬ್ ಬೀಸುವ ಕ್ರಮ, ಹದಕ್ಕೆ ಬರಬೇಕು, ಕ್ಲಬ್‌ಗಳನ್ನು ಮೈಯಳತೆಗೆ ಹೊಂದಿಸಿಕೊಳ್ಳುವ ‘ಫಿಟ್ಟಿಂಗ್’ ಆಮೇಲಿನ ಮಾತು ಎಂಬ ನಂಬಿಕೆ ಹವ್ಯಾಸಿ ಆಟಗಾರರಲ್ಲಿ ಆಳವಾಗಿ ಬೇರೂರಿದೆ. ಆದರೆ ಹೊಂದದ ಕ್ಲಬ್ಬನ್ನು ಹಿಡಿದ ದೇಹವು ಅದರ ಕೊರತೆಯನ್ನು ತುಂಬಿಕೊಳ್ಳಲು ಬಾಗಿ, ಸೆಟೆದು, ಮಣಿಕಟ್ಟು ತಿರುಚಿ ತನ್ನದೇ ಒಂದು ಉಪಾಯವನ್ನು ರೂಢಿಸಿಕೊಳ್ಳುತ್ತದೆ. ತರಬೇತುದಾರರು ತಿಂಗಳುಗಟ್ಟಲೆ ತಿದ್ದಲು ಹೆಣಗುವ ದೋಷ ಎಷ್ಟೋ ಸಲ ಈ ಉಪಾಯವೇ ಆಗಿರುವುದರಿಂದ, ಫಿಟ್ಟಿಂಗ್‌ನ ಅಗತ್ಯ ನುರಿತವರಿಗಿಂತ ಕಲಿಯುವವರಿಗೇ ಹೆಚ್ಚು.

ಅಳತೆಗಳಲ್ಲಿ ಅತ್ಯಂತ ಕಡೆಗಣಿತವಾದದ್ದು ‘ಲೈ’. ಕ್ಲಬ್ಬಿನ ತಳವನ್ನು ನೆಲಕ್ಕೆ ಸಮನಾಗಿ ಊರಿದಾಗ ಶಾಫ್ಟ್, ಅಂದರೆ ದಂಡ, ನೆಲದೊಡನೆ ಮಾಡುವ ಕೋನಕ್ಕೆ ಈ ಹೆಸರು. ಮಧ್ಯಮ ದೂರದ ಹೊಡೆತಕ್ಕೆ ಬಳಸುವ ಏಳನೆಯ ಐರನ್‌ನಲ್ಲಿ ಅದು ಸಾಮಾನ್ಯವಾಗಿ 62 ಡಿಗ್ರಿಯ ಆಸುಪಾಸು. ಕೋನ ಆಟಗಾರರಿಗೆ ಹೆಚ್ಚಾದರೆ ಹೊಡೆಯುವ ಕ್ಷಣದಲ್ಲಿ ಕ್ಲಬ್ಬಿನ ಹೊರತುದಿ ಮೇಲೆದ್ದು, ಬಲಗೈ ಆಟಗಾರರ ಚೆಂಡು ಎಡಕ್ಕೆ ಹೊರಡುತ್ತದೆ. ಕಡಿಮೆಯಾದರೆ ಹಿಮ್ಮಡಿಯ ಭಾಗ ಎದ್ದು ಚೆಂಡು ಬಲಕ್ಕೆ ಸಾಗುತ್ತದೆ. ಐರನ್‌ನ ಮುಖ ಹಿಂದಕ್ಕೆ ಓರೆಯಾಗಿರುತ್ತದೆ, ಈ ಓರೆಯೇ ‘ಲಾಫ್ಟ್’; ತಳ ವಾಲಿದಾಗ ಆ ಓರೆಯೂ ಪಕ್ಕಕ್ಕೆ ವಾಲುವುದೇ ಇದಕ್ಕೆ ಕಾರಣ. ಹೀಗಾಗಿ ಲಾಫ್ಟ್ ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ: ದೂರದ ಹೊಡೆತಕ್ಕೆ ಬಳಸುವ, ಲಾಫ್ಟ್ ಕಡಿಮೆಯಿರುವ ಡ್ರೈವರ್‌ನಲ್ಲಿ ಅದು ಅಷ್ಟಾಗಿ ಬಾಧಿಸದು, ಗುರಿಗೆ ಹತ್ತಿರದಿಂದ ಹೊಡೆಯಲು ಬಳಸುವ, ನಿಖರತೆಯನ್ನೇ ಬೇಡುವ, ಲಾಫ್ಟ್ ಹೆಚ್ಚಿರುವ ವೆಜ್‌ನಲ್ಲಿ ಕಾಡುತ್ತದೆ. ಹವ್ಯಾಸಿಗಳ ಹಣ ಮಾತ್ರ ಬಹುಪಾಲು ಡ್ರೈವರ್‌ಗೇ ಸುರಿಯುತ್ತಿರುವುದು ನಿಜಕ್ಕೂ ವಿಷಾದದ ಸಂಗತಿ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ 1959ರಲ್ಲಿ ಸ್ಥಾಪಿಸಿದ ಪಿಂಗ್ ಕಂಪನಿಯು ಐರನ್‌ಗಳ ಮೇಲೆ ಬಣ್ಣದ ಚುಕ್ಕೆಯಿಟ್ಟು ಲೈಯನ್ನು ಸೂಚಿಸುವ ಪದ್ಧತಿಯನ್ನು ಬಳಕೆಗೆ ತಂದಿತು. ಅದರಲ್ಲಿ ಕಪ್ಪು ಚುಕ್ಕೆ ಸಾಮಾನ್ಯ ಕೋನದ ಗುರುತು. ಆಟಗಾರರಿಗೆ ಯಾವ ಬಣ್ಣ ಹೊಂದುತ್ತದೆಂದು ತಿಳಿಸುವ ಪಟ್ಟಿ ಎತ್ತರವನ್ನಷ್ಟೇ ಅಲ್ಲ, ನೆಟ್ಟಗೆ ನಿಂತಾಗ ಮಣಿಕಟ್ಟಿನಿಂದ ನೆಲಕ್ಕಿರುವ ದೂರವನ್ನೂ ಕೇಳುತ್ತದೆ, ಏಕೆಂದರೆ ಒಂದೇ ಎತ್ತರದ ಇಬ್ಬರ ತೋಳುಗಳ ಉದ್ದ ಒಂದೇ ಆಗಿರಬೇಕೆಂದಿಲ್ಲ. ಇಷ್ಟಾದರೂ ಅದು ನಿಂತ ದೇಹದ ಅಳತೆ. ಬೀಸುವಾಗ ಕೈಗಳು ಮೇಲೇಳುತ್ತವೆ, ಶಾಫ್ಟ್ ಬಾಗುತ್ತದೆ. ಆದ್ದರಿಂದ ಒಳ್ಳೆಯ ಫಿಟ್ಟರ್ ಚೆಂಡಿನ ಹಿಂಬದಿಗೆ ಮಾರ್ಕರ್‌ನಿಂದ ನೇರವಾದ ಲಂಬಗೆರೆ ಎಳೆದು ಹೊಡೆಯಿಸುತ್ತಾರೆ. ಕ್ಲಬ್ಬಿನ ಮುಖದ ಮೇಲೆ ಮೂಡಿದ ಗೆರೆಯೂ ಲಂಬವಾಗಿದ್ದರೆ ಲೈ ಸರಿ, ವಾಲಿದ್ದರೆ ತಿದ್ದಬೇಕು. ಬಡಿದು ರೂಪಿಸಿದ ಮೆದು ಉಕ್ಕಿನ ಐರನ್‌ಗಳ ಕತ್ತನ್ನು ಒಂದೆರಡು ಡಿಗ್ರಿ ಬಗ್ಗಿಸುವುದು ಸುಲಭ. ಎರಕದ ಗಟ್ಟಿ ಉಕ್ಕಿನವು ಅಷ್ಟು ಸಲೀಸಾಗಿ ಮಣಿಯವು. ವಿದೇಶದ ಬಂಧುಗಳು ತಂದುಕೊಟ್ಟ ಅಥವಾ ಗಾಲ್ಫ್ ಸಂಸ್ಥೆಯ ಹಿರಿಯ ಸದಸ್ಯರು ಬಿಟ್ಟುಕೊಟ್ಟ ಸೆಟ್ಟಿನಲ್ಲೇ ಆಟ ಆರಂಭಿಸುವವರು ಹೊಸ ಸೆಟ್ಟಿನ ಯೋಚನೆಗೆ ಮುನ್ನ ಈ ತಿದ್ದುಪಡಿಯನ್ನು ಮಾಡಿಸಿ ನೋಡಬೇಕು.

ಶಾಫ್ಟ್‌ನ ಬಾಗುವಿಕೆಯನ್ನು ಸೂಚಿಸುವ ‘ಆರ್’ (ರೆಗ್ಯುಲರ್), ‘ಎಸ್’ (ಸ್ಟಿಫ್, ಅಂದರೆ ಹೆಚ್ಚು ಬಿಗಿ) ಅಕ್ಷರಗಳನ್ನೂ ಫಿಟ್ಟಿಂಗ್ ಮಾಡಿಸುವಾಗ ಅತಿಯಾಗಿ ನೆಚ್ಚಬಾರದು. ಅವಕ್ಕೆ ಎಲ್ಲ ತಯಾರಕರೂ ಒಪ್ಪಿದ ಮಾನದಂಡವಿಲ್ಲ, ಒಂದು ಕಂಪನಿಯ ‘ಆರ್’ ಇನ್ನೊಂದರ ‘ಎಸ್’ನಷ್ಟೇ ಬಿಗಿಯಾಗಿರಬಹುದು. ಡ್ರೈವರ್‌ನ ವಿಷಯದಲ್ಲಿ, ಅಂಗಡಿಯ ಸುಮಾರು 45 ಅಂಗುಲದ ಉದ್ದವನ್ನು ಅರ್ಧ ಅಥವಾ ಒಂದು ಅಂಗುಲ ತಗ್ಗಿಸಿದರೆ ಅನೇಕರಿಗೆ ಚೆಂಡು ಮುಖದ ನಡುವಿಗೆ ಸಿಗುತ್ತದೆ, ಅದರಿಂದ ದೂರ ಕುಗ್ಗುವ ಬದಲು ಹೆಚ್ಚುವುದೂ ಉಂಟು.

1876ರಿಂದ ಗಾಲ್ಫ್ ನಡೆದುಬಂದಿರುವ ಬೆಂಗಳೂರಿನಲ್ಲಿ ಫಿಟ್ಟಿಂಗ್ ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಗಾಳಿ ತೆಳುವಾಗಿರುವುದರಿಂದ ಇಲ್ಲಿ ಚೆಂಡು ಕರಾವಳಿಗಿಂತ ತುಸು ದೂರ ಹಾರುತ್ತದೆ. ಬೆಂಗಳೂರಿನಲ್ಲಿ ಅಳೆದ ದೂರವನ್ನೇ ನಂಬಿ ಮಂಗಳೂರಿನಲ್ಲಿ ಕ್ಲಬ್ ಆರಿಸಿದರೆ ಚೆಂಡು ಗ್ರೀನ್‌ಗೆ (ಗುಳಿಯಿರುವ ನುಣ್ಣನೆಯ ಹುಲ್ಲುಹಾಸಿಗೆ) ಮುಂಚೆಯೇ ಬೀಳುತ್ತದೆ.